ಮಣ್ಣಿನ ಪರೀಕ್ಷೆ: ಸೈದಾಪೇಟೆಯಿಂದ ಹೆಬ್ಬಾಳದವರೆಗೆ

ನಾಡಿ ಹಿಡಿದು ನೋಡದೆ ಮದ್ದು ಕೊಡುವ ವೈದ್ಯನ ಬಳಿಗೆ ನಾವು ಯಾರೂ ಹೋಗುವುದಿಲ್ಲ. ಆದರೆ ಊರಿನಲ್ಲಿರುವ ನಮ್ಮ ಹೊಲಗದ್ದೆಗಳಿಗೆ ಮಾತ್ರ ವರ್ಷ ವರ್ಷವೂ ನಾಡಿ ನೋಡದೆಯೇ ಮದ್ದು ಕೊಡಿಸುತ್ತ ಬಂದಿದ್ದೇವೆ. ಮುಂಗಾರು ಹತ್ತಿರ ಬಂದಾಗ ಊರಿನಿಂದ ಅಣ್ಣನೋ, ಭಾವನೋ, ಜಮೀನನ್ನು ಪಾಲಿಗೆ ಮಾಡುವವರೋ ಫೋನು ಮಾಡುತ್ತಾರೆ. ಗೊಬ್ಬರಕ್ಕೆ ಇಷ್ಟು ಹಣ ಬೇಕೆನ್ನುತ್ತಾರೆ. ನಾವು ಇಲ್ಲಿಂದ ಕಳುಹಿಸುತ್ತೇವೆ. ಯಾವ ಗೊಬ್ಬರ, ಎಷ್ಟು, ಏತಕ್ಕೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕಳೆದ ವರ್ಷ ಹಾಕಿದ್ದು, ಪಕ್ಕದ ಹೊಲದವರು ಹಾಕಿದ್ದು, ಅಂಗಡಿಯಲ್ಲಿ ಅಂದು ಸಿಕ್ಕಿದ್ದು, ಈ ಮೂರರಲ್ಲಿ ಯಾವುದೋ ಒಂದು ಮಣ್ಣಿಗೆ ಬೀಳುತ್ತದೆ.

ಮಣ್ಣನ್ನು ಮೊದಲು ಕೇಳಿ, ಆಮೇಲೆ ಗೊಬ್ಬರವನ್ನೂ ಸುಣ್ಣವನ್ನೂ ಹಾಕಬೇಕೆಂಬ ಶಾಸ್ತ್ರ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಭಾರತದಲ್ಲಿ ಅದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ತುದಿ ನಮ್ಮಲ್ಲಿ ಅನೇಕರು ದಿನವೂ ಲೋಕಲ್ ರೈಲಿನಲ್ಲಿ ದಾಟುವ ಸೈದಾಪೇಟೆಯಲ್ಲಿದೆ. ಇನ್ನೊಂದು ತುದಿ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ, ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಇನ್ನೂ ಪೂರ್ತಿ ಮರೆತಿಲ್ಲವಾದ್ದರಿಂದ, ಈ ಕಥೆಯನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇವೆ.

ಹಿರಿಯರ ಲೆಕ್ಕ

ರಸಾಯನಶಾಸ್ತ್ರ ಬರುವ ಮೊದಲು ನಮ್ಮ ರೈತರು ಕಣ್ಣುಮುಚ್ಚಿ ಬೇಸಾಯ ಮಾಡುತ್ತಿದ್ದರೆಂದು ಯಾರೂ ಭಾವಿಸಬಾರದು. ಎರೆ, ಮಸಾರಿ, ಕೆಮ್ಮಣ್ಣು, ಜೇಡಿ, ಮರಳು, ಚೌಳು ಎಂಬ ಹೆಸರುಗಳೇ ಒಂದು ವರ್ಗೀಕರಣ. ಮಣ್ಣಿನ ಬಣ್ಣ, ಕೈಗೆ ಹತ್ತುವ ಅಂಟು, ಬೇಸಗೆಯಲ್ಲಿ ಬಿಡುವ ಬಿರುಕು, ತಾನಾಗಿ ಹುಟ್ಟುವ ಕಳೆ, ಇವುಗಳನ್ನು ನೋಡಿ ಯಾವ ಹೊಲಕ್ಕೆ ಯಾವ ಬೆಳೆ ಎಂದು ಅವರು ತೀರ್ಮಾನಿಸುತ್ತಿದ್ದರು. ಬಯಲುಸೀಮೆಯಲ್ಲಿ ಕೆರೆ ಒಣಗಿದಾಗ ಅದರ ಗೋಡನ್ನು ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹರಡುತ್ತಿದ್ದರು, ಕುರಿಮಂದೆ ನಿಲ್ಲಿಸುತ್ತಿದ್ದರು. ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಬರುತ್ತಿತ್ತು. ದಕ್ಷಿಣ ಕನ್ನಡದಲ್ಲಿ ತರಗೆಲೆ, ಕಸಕಡ್ಡಿಗಳ ಜೊತೆಗೆ ಮಣ್ಣನ್ನು ಸುಟ್ಟು ‘ಸುಡುಮಣ್ಣು’ ಮಾಡುವ ಪದ್ಧತಿ ಇತ್ತು. ಬೂದಿಯಲ್ಲಿ ಕ್ಷಾರಗುಣವೂ ಪೊಟ್ಯಾಷೂ ಇರುವುದರಿಂದ, ಮಳೆಯಿಂದ ಹುಳಿಯಾದ ಆ ಸೀಮೆಯ ಮಣ್ಣಿಗೆ ಅದು ಸರಿಯಾದ ಔಷಧವೇ ಆಗಿತ್ತು. ಹೆಸರು ತಿಳಿಯದೆಯೇ ಅವರು ಹುಳಿಗೆ ಮದ್ದು ಕೊಟ್ಟಿದ್ದರು.

ಆದರೆ ಈ ತಿಳಿವಳಿಕೆಗೆ ಒಂದು ಮಿತಿ ಇತ್ತು. ‘ಯಾವುದು ಬೇಕು’ ಎಂಬುದಕ್ಕೆ ಅದು ಉತ್ತರ ಹೇಳುತ್ತಿತ್ತು. ‘ಎಷ್ಟು ಬೇಕು’ ಎಂಬುದಕ್ಕೆ ಹೇಳುತ್ತಿರಲಿಲ್ಲ. ಸಗಣಿ ಗೊಬ್ಬರ, ಸೊಪ್ಪು, ಗೋಡು ಮಾತ್ರ ಇದ್ದಾಗ ಎಷ್ಟು ಎಂಬ ಪ್ರಶ್ನೆ ದೊಡ್ಡದೂ ಆಗಿರಲಿಲ್ಲ. ಸ್ವಲ್ಪ ಹೆಚ್ಚಾದರೆ ನಷ್ಟವೇನಿಲ್ಲ. ಮೂಟೆಯಲ್ಲಿ ರಾಸಾಯನಿಕ ಗೊಬ್ಬರ ಬಂದಾಗ ಮಾತ್ರ ಆ ಪ್ರಶ್ನೆಗೆ ಬೆಲೆ ಬಂತು.

ಮದರಾಸಿನಿಂದ ಹೊರಟವನು

ನಮ್ಮ ಸೀಮೆಯ ಮಣ್ಣನ್ನು ಊರೂರು ತಿರುಗಿ ಬರೆದಿಟ್ಟ ಮೊದಲಿಗರಲ್ಲಿ ಫ್ರಾನ್ಸಿಸ್ ಬುಕನನ್ ಒಬ್ಬ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರ ಏಪ್ರಿಲ್ 23ರಂದು ಈತ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಅವನ ಪ್ರವಾಸದ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಮಲಬಾರಿನ ಅಂಗಡಿಪುರಂ ಎಂಬಲ್ಲಿ ಆತ ಕಂಡ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕೆಂಪು ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇಲ್ಲಿಯ ಜನ ಅದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಅವನೇ ಬರೆದಿದ್ದಾನೆ. ಇಂದು ಜಗತ್ತಿನ ಮಣ್ಣುಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇರುವ ಆ ಹೆಸರಿನ ಹಿಂದೆ ನಮ್ಮ ಕಡೆಯ ಮಾತೇ ಇದೆಯೆಂಬುದು ಸಂತೋಷದ ವಿಷಯ.

ನಮ್ಮ ಜಂಬಿಟ್ಟಿಗೆ ಅಥವಾ ಮುರಕಲ್ಲಿನ ಸೀಮೆ ಎಂದರೆ ಇದೇ. ಸಾವಿರಾರು ವರ್ಷ ಸುರಿದ ಮಳೆ ಈ ಮಣ್ಣಿನಿಂದ ಸುಣ್ಣದ ಅಂಶವನ್ನೂ ಮೆಗ್ನೀಸಿಯಂ, ಪೊಟ್ಯಾಷುಗಳನ್ನೂ ತೊಳೆದುಕೊಂಡು ಹೋಗಿದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಮಣ್ಣು ಹುಳಿಯಾಗಿದೆ. ಈ ಹುಳಿಯ ಕಥೆಗೆ ಮುಂದೆ ಬರುತ್ತೇವೆ.

ಸೈದಾಪೇಟೆಯ ಫಾರಂ

1860ರ ದಶಕದಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ವಿಲಿಯಂ ಡೆನಿಸನ್ನನಿಗೆ ಇಲ್ಲಿಯ ಬೇಸಾಯವನ್ನು ಸುಧಾರಿಸಬೇಕೆಂಬ ಉತ್ಸಾಹ ಹುಟ್ಟಿತು. ಇಂಗ್ಲೆಂಡಿನಿಂದ ಉಗಿ ನೇಗಿಲು, ಹಲುಬೆ, ಬಿತ್ತುವ ಯಂತ್ರ, ಒಕ್ಕುವ ಯಂತ್ರಗಳು ಬಂದವು. ಅವುಗಳನ್ನು ಪ್ರಯೋಗಿಸಿ ನೋಡಲು ಸೈದಾಪೇಟೆಯಲ್ಲಿ ಸರಕಾರಿ ಫಾರಂ ಏರ್ಪಟ್ಟಿತು. ಅದರ ಜೊತೆಗೆ ಕೃಷಿ ಶಾಲೆಯೂ ಬೆಳೆಯಿತು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇಂದಿಗೂ ತನ್ನ ಹುಟ್ಟನ್ನು 1868ರ ಸೈದಾಪೇಟೆಯ ಶಾಲೆಯಿಂದಲೇ ಎಣಿಸುತ್ತದೆ. ಆ ಶಾಲೆ 1906ರಲ್ಲಿ ಕೊಯಮತ್ತೂರಿಗೆ ಸ್ಥಳಾಂತರವಾಯಿತು. ಇಂದು ಸೈದಾಪೇಟೆಯಲ್ಲಿ ಮನೆಗಳ ಸಾಲು, ಅಂಗಡಿಗಳ ಸಾಲು. ಇಲ್ಲಿ ಬೆಳೆ ಇತ್ತೆಂದು ಹೇಳಿದರೆ ನಮ್ಮ ಮಕ್ಕಳು ನಂಬುವುದಿಲ್ಲ.

ಈ ಆರಂಭದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮೊದಲು ಬಂದದ್ದು ಉಪಕರಣ. ಮಣ್ಣನ್ನು ಓದುವ ರಸಾಯನಶಾಸ್ತ್ರಜ್ಞ ಬಂದದ್ದು ಬಹಳ ತಡವಾಗಿ. ಕೊಡುವುದು ಮೊದಲು, ಕೇಳುವುದು ಆಮೇಲೆ ಎಂಬ ಈ ಕ್ರಮ ನಮ್ಮ ಕೃಷಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

1876-78ರ ಘೋರ ಕ್ಷಾಮ ಮದರಾಸು ಪ್ರಾಂತವನ್ನೂ ಮೈಸೂರನ್ನೂ ಒಟ್ಟಿಗೆ ಬಡಿಯಿತು. ಲಕ್ಷಾಂತರ ಜನ ಸತ್ತರು. ಭೂಮಿ ಏಕೆ ಇಷ್ಟು ಕಡಮೆ ಕೊಡುತ್ತದೆ ಎಂಬ ಪ್ರಶ್ನೆಯನ್ನು ಸರಕಾರ ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಸಲಹೆಗಾರ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ 1889ರ ಕೊನೆಯಲ್ಲಿ ಭಾರತಕ್ಕೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ದೇಶವನ್ನು ಸುತ್ತಿದ. 1893ರಲ್ಲಿ ಅಚ್ಚಾದ ಅವನ ವರದಿ ಇಂದಿಗೂ ಓದಲು ಯೋಗ್ಯ. ಭಾರತದ ರೈತ ದಡ್ಡನೆಂಬ ಮಾತನ್ನು ಅವನು ಒಪ್ಪಲಿಲ್ಲ. ಒಳ್ಳೆಯ ಸೀಮೆಗಳಲ್ಲಿ ಈತನ ಬೇಸಾಯ ಇಂಗ್ಲೆಂಡಿನ ಸಾಮಾನ್ಯ ರೈತನ ಬೇಸಾಯಕ್ಕಿಂತ ಕೆಳಗಿನದಲ್ಲ ಎಂದ. ಕೊರತೆ ಇರುವುದು ನೀರಿಗೂ ಗೊಬ್ಬರಕ್ಕೂ; ಸೌದೆ ಸಿಕ್ಕದೆ ಸಗಣಿ ಒಲೆಗೆ ಹೋಗುವುದು ತಪ್ಪಬೇಕು ಎಂದ. ಭಾರತ ಸರಕಾರದ ಮೊದಲ ಕೃಷಿ ರಸಾಯನಶಾಸ್ತ್ರಜ್ಞನಾಗಿ ಜೆ. ವಾಲ್ಟರ್ ಲೆದರ್ 1892ರಲ್ಲಿ ಬಂದ. ದೇಶದ ಮಣ್ಣನ್ನು ಮೆಕ್ಕಲು, ಕಪ್ಪು, ಕೆಂಪು, ಲ್ಯಾಟರೈಟ್ ಎಂದು ನಾಲ್ಕು ದೊಡ್ಡ ಬಗೆಗಳಾಗಿ ವಿಂಗಡಿಸಿ ಅಧ್ಯಯನ ಮಾಡಿದವನು ಇವನೇ.

ಮಹಾರಾಣಿಯವರ 30 ಎಕರೆ

ಈಗ ಮೈಸೂರಿಗೆ ಹೋಗೋಣ. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದ ಕಾಲ. ರೀಜೆಂಟರಾಗಿ ರಾಜ್ಯವಾಳುತ್ತಿದ್ದವರು ಅವರ ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. 1899ರಲ್ಲಿ ಅವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಸಂಶೋಧನೆಗಾಗಿ ಕೊಟ್ಟರು. ಕೆಲಸಕ್ಕೆ ನೇಮಕವಾದವರು ಡಾ. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು. ಅವರಿಗೊಂದು ಪ್ರಯೋಗಾಲಯ ದೊರೆಯಿತು. ಯಾವ ಮಣ್ಣಿಗೆ ಏನು ಕೊಟ್ಟರೆ ಬೆಳೆ ಹೇಗೆ ಪ್ರತಿಕ್ರಿಯೆ ತೋರುತ್ತದೆ ಎಂಬುದನ್ನು ಪತ್ತೆ ಮಾಡುವುದೇ ಅವರ ಉದ್ಯೋಗ. ಸೈದಾಪೇಟೆ ನೇಗಿಲಿನಿಂದ ಆರಂಭವಾದರೆ ಹೆಬ್ಬಾಳ ಮಣ್ಣಿನಿಂದಲೇ ಆರಂಭವಾಯಿತು ಎಂದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

1908ರಲ್ಲಿ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಬಂದರು. ಮುಂದೆ ಅವರು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿ ಸುಮಾರು 25 ವರ್ಷ ಈ ನಾಡಿಗೆ ದುಡಿದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರೆಂದು ಅವರ ಹೆಸರು ತೋಟಿಗರ ಮನೆಗಳಲ್ಲಿ ಉಳಿದಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದು ಅವರ ಕಾಲದಲ್ಲಿಯೇ. ಆದರೆ ಇಲ್ಲಿಗೆ ಬರುವ ಮೊದಲು ಜರ್ಮನಿಯಲ್ಲಿ ಅವರು ಅಧ್ಯಯನ ಮಾಡಿದ ವಿಷಯ ಬೇರೆ: ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬಗೆ. ಈ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ. ಅಮೋನಿಯಾ ರೂಪದ ಸಾರಜನಕ ಗೊಬ್ಬರವನ್ನೂ ಯೂರಿಯಾವನ್ನೂ ವರ್ಷಗಟ್ಟಲೆ ಸುರಿದ ಭೂಮಿ ಹುಳಿಯಾಗುವುದಕ್ಕೆ ಇದೇ ಕಾರಣ. ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಇತ್ತ ಮದರಾಸು ಪ್ರಾಂತವೂ ಸುಮ್ಮನಿರಲಿಲ್ಲ. 1909ರಲ್ಲಿ ಕೊಯಮತ್ತೂರಿನಲ್ಲಿ ಶಾಶ್ವತ ಗೊಬ್ಬರ ಪ್ರಯೋಗದ ತಾಕುಗಳನ್ನು ಹಾಕಿದರು. ಒಂದು ತಾಕಿಗೆ ಸಾರಜನಕ ಮಾತ್ರ, ಒಂದಕ್ಕೆ ರಂಜಕ ಮಾತ್ರ, ಒಂದಕ್ಕೆ ಎಲ್ಲವೂ, ಒಂದಕ್ಕೆ ಏನೂ ಇಲ್ಲ, ಹೀಗೆ ವರ್ಷಾನುಗಟ್ಟಲೆ ಅದೇ ಕ್ರಮದಲ್ಲಿ ಬೆಳೆ ತೆಗೆಯುವುದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದು ಬಂದ ಪ್ರಯೋಗವೇ ಇದಕ್ಕೆ ಮಾದರಿ. 1916ರಲ್ಲಿ ಅದೇ ಮದರಾಸು ಸರಕಾರ, ಆಗ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು. ಅದೇ ಮುಂದೆ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಂದರೆ ಕಾಸರಗೋಡಿನ ತೆಂಗಿನ ಮಣ್ಣಿನ ಬಗ್ಗೆ ಅಪ್ಪಣೆ ಹೊರಟದ್ದು ಈ ನಮ್ಮ ಊರಿನಿಂದಲೇ.

ಒಟ್ಟು ಬೇರೆ, ದೊರೆಯುವುದು ಬೇರೆ

ಹಳೆಯ ರಸಾಯನಶಾಸ್ತ್ರಜ್ಞರಿಗೆ ಒಂದು ದೊಡ್ಡ ತೊಡಕು ಎದುರಾಯಿತು. ಬಲವಾದ ಆಮ್ಲದಲ್ಲಿ ಮಣ್ಣನ್ನು ಕುದಿಸಿ ಅದರಲ್ಲಿರುವ ರಂಜಕ, ಪೊಟ್ಯಾಷುಗಳನ್ನೆಲ್ಲ ಅಳೆದರೆ ಬೇಕಾದಷ್ಟು ಇರುತ್ತಿತ್ತು. ಆದರೂ ಬೆಳೆ ಸೊರಗುತ್ತಿತ್ತು. ಇದೇಕೆ?

ನಮ್ಮಂಥ ನೌಕರರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಪ್ರಾವಿಡೆಂಟ್ ಫಂಡಿನಲ್ಲಿ ಲಕ್ಷಗಟ್ಟಲೆ ಇರಬಹುದು. ತಿಂಗಳ ಕೊನೆಯಲ್ಲಿ ಅಕ್ಕಿ ತರಲು ಅದು ಒದಗುವುದಿಲ್ಲ. ಅದಕ್ಕೆ ಕೈಯಲ್ಲಿರುವ ಸಂಬಳವೇ ಬೇಕು. ಮಣ್ಣಿನಲ್ಲಿಯೂ ಹಾಗೆಯೇ, ಒಟ್ಟು ಇರುವುದು ಬೇರೆ, ಬೇರಿಗೆ ಈ ವರ್ಷ ದೊರೆಯುವುದು ಬೇರೆ. ಬರ್ನಾರ್ಡ್ ಡೈಯರ್ ಎಂಬಾತ 1894ರಲ್ಲಿ ಬಲವಾದ ಆಮ್ಲವನ್ನು ಬಿಟ್ಟು, ಬೇರಿನ ರಸದಷ್ಟೇ ಮೆದುವಾದ ಶೇಕಡ 1ರ ಸಿಟ್ರಿಕ್ ಆಮ್ಲದಲ್ಲಿ ಕರಗುವಷ್ಟನ್ನು ಮಾತ್ರ ಅಳೆಯಬೇಕೆಂದು ತೋರಿಸಿದ. ಇಂದಿನ ಮಣ್ಣು ಪರೀಕ್ಷೆ ಹುಟ್ಟಿದ್ದು ಈ ವಿಚಾರದಿಂದಲೇ.

ಮುಂದೆ ಒಂದೊಂದು ಪೋಷಕಾಂಶಕ್ಕೂ ಒಂದೊಂದು ದ್ರಾವಣ ಬಂತು. ಹುಳಿ ಮಣ್ಣಿನ ರಂಜಕಕ್ಕೆ ಬ್ರೇ ಎಂಬಾತನ ವಿಧಾನ 1945ರಲ್ಲಿ. ಸುಣ್ಣದ ಅಂಶವಿರುವ ಮಣ್ಣಿಗೆ ಓಲ್ಸೆನ್ನನ ವಿಧಾನ 1954ರಲ್ಲಿ. ಅಂದರೆ ಶೃಂಗೇರಿಯ ಮಣ್ಣಿಗೂ ಗದಗಿನ ಎರೆಗೂ ಪರೀಕ್ಷೆಯೇ ಬೇರೆ. ಸಾರಜನಕಕ್ಕೆ ನಮ್ಮವರೇ ಆದ ಸುಬ್ಬಯ್ಯ ಮತ್ತು ಅಸಿಜಾ 1956ರಲ್ಲಿ ಸರಳವಾದ ಒಂದು ವಿಧಾನವನ್ನು, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದೇಶದ ಪ್ರಯೋಗಾಲಯಗಳಲ್ಲಿ ಅದೇ ರೂಢಿಗೆ ಬಂತು. ಹೆಕ್ಟೇರಿಗೆ 280 ಕಿಲೋಗಿಂತ ಕಡಮೆ ದೊರೆಯುವ ಸಾರಜನಕವಿದ್ದರೆ ಕೊರತೆ, 560ಕ್ಕೆ ಮೀರಿದರೆ ಸಮೃದ್ಧಿ ಎಂದು ಚೀಟಿಯಲ್ಲಿ ಬರೆಯುವ ಲೆಕ್ಕ ಈ ವಿಧಾನದ್ದು. ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಇಳಿದರೆ ಕೊರತೆ, 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ.

ಸುಣ್ಣದ ಮಾತು

ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಮಾಪನವನ್ನು ಡೆನ್ಮಾರ್ಕಿನ ಸೋರೆನ್ಸನ್ 1909ರಲ್ಲಿ ಸೂಚಿಸಿದ. ಅವನು ಕೆಲಸ ಮಾಡುತ್ತಿದ್ದುದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ! 7 ಎಂದರೆ ಸಮ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಸಾಮಾನ್ಯ ಬೆಳೆಗಳಿಗೆ 6.5ರಿಂದ 7.5 ಹಿತ. ಕಾಫಿ ಗಿಡ 6ರ ಆಸುಪಾಸಿನಲ್ಲಿಯೂ ಚೆನ್ನಾಗಿರುತ್ತದೆ. 5.5ಕ್ಕಿಂತ ಇಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರನ್ನು ಸುಡುತ್ತದೆ; ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮ್ಮೂ ಹಿಡಿದಿಟ್ಟುಕೊಂಡು ಬಿಡುತ್ತವೆ. ಹಣ ಕೊಟ್ಟು ತಂದ ಸೂಪರ್ ಫಾಸ್ಫೇಟು ಬೇರಿಗೆ ತಲುಪುವುದೇ ಇಲ್ಲ. ಅಲ್ಲಿ ಬೇಕಾದದ್ದು ಇನ್ನೊಂದು ಮೂಟೆ ಗೊಬ್ಬರವಲ್ಲ; ಸುಣ್ಣ.

ಆದರೆ ಪಿ.ಎಚ್. ಒಂದನ್ನೇ ನೋಡಿ ಸುಣ್ಣ ಎಷ್ಟೆಂದು ಹೇಳಲಾಗದು. ಒಂದೇ ಪಿ.ಎಚ್. ಇರುವ ಮರಳು ಮಣ್ಣಿಗೆ ಸ್ವಲ್ಪ ಸಾಕು. ಜೇಡಿ ಹೆಚ್ಚಿರುವ ಮಣ್ಣಿಗೆ ಬಹಳ ಬೇಕು, ಏಕೆಂದರೆ ಅದು ತನ್ನ ಒಡಲಲ್ಲಿ ಹುಳಿಯನ್ನು ಬಚ್ಚಿಟ್ಟುಕೊಂಡಿರುತ್ತದೆ. ಇದನ್ನು ಅಳೆಯುವುದಕ್ಕೆ ಪ್ರಯೋಗಾಲಯದಲ್ಲಿ ಬಫರ್ ದ್ರಾವಣದ ಪರೀಕ್ಷೆ ಪ್ರತ್ಯೇಕವಾಗಿದೆ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ವಿಧಾನವೊಂದು ನಮ್ಮಲ್ಲಿಯೂ ಬಳಕೆಗೆ ಬಂತು. ಮಲೆನಾಡು, ಕರಾವಳಿ, ಕೊಡಗುಗಳಿಂದ ಮಣ್ಣು ಕಳುಹಿಸುವವರು ‘ಸುಣ್ಣದ ಅಗತ್ಯವನ್ನೂ ತಿಳಿಸಿರಿ’ ಎಂದು ಕೇಳಿ ಬರೆಯಿಸಬೇಕು.

ಇನ್ನೊಂದು ಎಚ್ಚರಿಕೆ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸುಣ್ಣದ ಹರಳುಗಳು ಮೊದಲೇ ಇವೆ. ಅಲ್ಲಿ ಸುಣ್ಣ ಹಾಕುವುದೆಂದರೆ ಸಮುದ್ರಕ್ಕೆ ಉಪ್ಪು ಸುರಿದಂತೆ. ಕ್ಷಾರದಿಂದ ಕೆಟ್ಟ ಚೌಳು ಭೂಮಿಗೆ ಬೇಕಾದದ್ದು ಸುಣ್ಣವಲ್ಲ, ಜಿಪ್ಸಂ. ಎರಡೂ ಬಿಳಿ ಪುಡಿಯೇ, ನೋಡಿದವರಿಗೆ ಒಂದೇ. ಪರೀಕ್ಷೆಯ ಚೀಟಿ ಇಲ್ಲದೆ ಒಂದರ ಬದಲು ಇನ್ನೊಂದನ್ನು ಹಾಕಿದರೆ ಖರ್ಚು ಉಳಿಯುತ್ತದೆ, ಗುಣ ಉಳಿಯುವುದಿಲ್ಲ.

ಮೂಟೆ ಮುಂದೆ, ಚೀಟಿ ಹಿಂದೆ

ಭಾರತದಲ್ಲಿ ರಾಸಾಯನಿಕ ಗೊಬ್ಬರದ ತಯಾರಿಕೆ ಆರಂಭವಾದದ್ದೂ ನಮ್ಮ ನೆರೆಯಲ್ಲಿಯೇ. 1906ರಲ್ಲಿ ರಾಣಿಪೇಟೆಯಲ್ಲಿ ಪ್ಯಾರಿ ಕಂಪನಿಯ ಸೂಪರ್ ಫಾಸ್ಫೇಟ್ ಕಾರ್ಖಾನೆ ಹುಟ್ಟಿತು. ಹೈಕೋರ್ಟಿನ ಎದುರು ಬಸ್ಸು ಇಳಿಯುವ ಪ್ಯಾರೀಸ್ ಕಾರ್ನರಿನ ಅದೇ ಪ್ಯಾರಿ. ಆಮೇಲೆ ಮೈಸೂರಿನ ಬಳಿಯ ಬೆಳಗೊಳ, ಕೇರಳದ ಆಲುವಾಯ್, 1971ರಲ್ಲಿ ನಮ್ಮ ಮಣಲಿ, 1976ರಲ್ಲಿ ಮಂಗಳೂರಿನ ಪಣಂಬೂರು ಎಂದು ಕಾರ್ಖಾನೆಗಳು ಬೆಳೆದವು. 1951-52ರಲ್ಲಿ ಇಡೀ ದೇಶ ಬಳಸಿದ ಪೋಷಕಾಂಶ ಸುಮಾರು 66 ಸಾವಿರ ಟನ್ನು. 1991-92ರಲ್ಲಿ ಅದು ಸುಮಾರು 127 ಲಕ್ಷ ಟನ್ನು.

ಪರೀಕ್ಷೆಯ ವ್ಯವಸ್ಥೆಯೂ ಬೆಳೆಯದೆ ಇರಲಿಲ್ಲ. 1955-56ರಲ್ಲಿ ಅಮೆರಿಕದ ಸಹಕಾರದಿಂದ ದೇಶದ ಹಲವೆಡೆ ಮಣ್ಣು ಪರೀಕ್ಷಾ ಪ್ರಯೋಗಾಲಯಗಳು ತೆರೆದವು. 1960ರ ದಶಕದಲ್ಲಿ ‘ಪ್ಯಾಕೇಜ್ ಯೋಜನೆ’ ತಂಜಾವೂರಿಗೂ ನಮ್ಮ ಮಂಡ್ಯಕ್ಕೂ ಬಂದಾಗ ಬೀಜ, ಗೊಬ್ಬರ, ಸಾಲಗಳ ಜೊತೆಗೆ ಮಣ್ಣಿನ ಪರೀಕ್ಷೆಯೂ ಬಂತು. ವ್ಯಾನಿನಲ್ಲಿ ಪ್ರಯೋಗಾಲಯವನ್ನೇ ಹಳ್ಳಿಗೆ ಒಯ್ಯುವ ಏರ್ಪಾಡೂ ಆಯಿತು. 1967ರಲ್ಲಿ ದೆಹಲಿಯ ಬಿ. ರಾಮಮೂರ್ತಿ ಮತ್ತು ಅವರ ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋಗಿ, ಎಕರೆಗೆ ಇಷ್ಟು ಇಳುವರಿ ಬೇಕೆಂದು ಮೊದಲೇ ಗುರಿಯಿಟ್ಟುಕೊಂಡು, ಮಣ್ಣಿನಲ್ಲಿ ಇರುವುದನ್ನು ಕಳೆದು, ಉಳಿದಷ್ಟನ್ನು ಮಾತ್ರ ಗೊಬ್ಬರವಾಗಿ ಕೊಡುವ ಸೂತ್ರ ರಚಿಸಿದರು. ಬೆಂಗಳೂರು, ಕೊಯಮತ್ತೂರುಗಳಲ್ಲಿಯೂ ರಾಗಿ, ಭತ್ತ ಮೊದಲಾದ ಬೆಳೆಗಳಿಗೆ ಈ ಸೂತ್ರಗಳು ಸಿದ್ಧವಾದವು.

ಆದರೆ ಎರಡರ ವೇಗ ಒಂದೇ ಆಗಿರಲಿಲ್ಲ. ಗೊಬ್ಬರ ಲಾರಿಯಲ್ಲಿ ಬಂತು. ಚೀಟಿ ಅಂಚೆಯಲ್ಲಿ ಬಂತು. ನಮ್ಮ ಕುಟುಂಬದ ಮಲೆನಾಡಿನ ತೋಟದ ಅನುಭವವನ್ನೇ ಹೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಒತ್ತಾಯಕ್ಕೆ ಅಣ್ಣ ಮೇ ತಿಂಗಳಲ್ಲಿ ಮಣ್ಣು ತೆಗೆದು ಪ್ರಯೋಗಾಲಯವೊಂದಕ್ಕೆ ಕೊಟ್ಟು ಬಂದರು. ಜೂನ್ ಕಳೆಯಿತು, ಜುಲೈ ಕಳೆಯಿತು. “ಚೀಟಿ ಈಗ ಬಂತು ಮಾರಾಯ, ಗೊಬ್ಬರ ಹಾಕಿ ಎರಡು ತಿಂಗಳಾಯ್ತು” ಎಂದು ಅವರು ಫೋನಿನಲ್ಲಿ ನಕ್ಕರು. ಚೀಟಿಯಲ್ಲಿ ಪಿ.ಎಚ್. 5.1, ಪೊಟ್ಯಾಷು ಕಡಮೆ, ರಂಜಕ ಬೇಕಾದಷ್ಟು ಇದೆ ಎಂದಿತ್ತು. ನಾವು ವರ್ಷ ವರ್ಷವೂ ಹಣ ತೆತ್ತದ್ದು ಹೆಚ್ಚಾಗಿ ರಂಜಕಕ್ಕೇ. ಮರುವರ್ಷ ಆ ಖರ್ಚಿನಲ್ಲಿ ಒಂದು ಭಾಗ ಸುಣ್ಣಕ್ಕೂ ಪೊಟ್ಯಾಷಿಗೂ ಹೋಯಿತು. ತಡವಾದರೂ ಚೀಟಿ ಚೀಟಿಯೇ. ಮಣ್ಣು ಒಂದು ವರ್ಷದಲ್ಲಿ ತನ್ನ ಸ್ವಭಾವ ಬಿಡುವುದಿಲ್ಲ.

ಬೆಲೆಯ ನೀತಿಯೂ ಈ ವಿಷಯದಲ್ಲಿ ಕೈಯಾಡಿಸಿತು. 1992ರ ಆಗಸ್ಟಿನಲ್ಲಿ ರಂಜಕ, ಪೊಟ್ಯಾಷು ಗೊಬ್ಬರಗಳ ಮೇಲಿನ ಬೆಲೆಯ ಹತೋಟಿಯನ್ನು ತೆಗೆದರು. ಯೂರಿಯಾದ ಹತೋಟಿ ಮಾತ್ರ ಉಳಿಯಿತು. ಯೂರಿಯಾ ಅಗ್ಗ, ಉಳಿದವು ತುಟ್ಟಿ. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷುಗಳ ಬಳಕೆಯ ಪ್ರಮಾಣ ಸುಮಾರಾಗಿ 4:2:1 ಇರಬೇಕೆಂದು ತಜ್ಞರು ಹೇಳುತ್ತಿದ್ದರು. 1991-92ರಲ್ಲಿ 5.9:2.4:1 ಇದ್ದದ್ದು ಮರುವರ್ಷವೇ 9.5:3.2:1ಕ್ಕೆ ಜಿಗಿಯಿತು. ಎಲೆ ಹಸುರಾಗಿ ಕಂಡರೆ ಬೆಳೆ ಚೆನ್ನಾಗಿದೆ ಎಂಬ ನಂಬಿಕೆ ಹಳ್ಳಿಯಲ್ಲಿ ಬಲವಾಗಿರುವಾಗ, ಅಗ್ಗದ ಯೂರಿಯಾವನ್ನು ತಡೆಯುವವರು ಯಾರು?

ರಾಗಿ ತಾಕುಗಳ ಸಾಕ್ಷಿ

ಈ ನಡತೆಯ ಪರಿಣಾಮವೇನೆಂಬುದಕ್ಕೆ ಸಾಕ್ಷಿ ಬೆಂಗಳೂರಿನಲ್ಲಿಯೇ ಇದೆ. ಹೆಬ್ಬಾಳದ 30 ಎಕರೆಯ ವಂಶವೃಕ್ಷದಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1986ರಿಂದ ರಾಗಿ ಮತ್ತು ಮುಸುಕಿನ ಜೋಳದ ದೀರ್ಘಕಾಲದ ಪ್ರಯೋಗ ಆರಂಭವಾಯಿತು. ಸಾರಜನಕ ಒಂದನ್ನೇ ಕೊಟ್ಟ ತಾಕುಗಳು ವರ್ಷಗಳು ಉರುಳಿದಂತೆ ಹುಳಿಯಾದವು. ಅವುಗಳ ಇಳುವರಿ ಕುಸಿಯಿತು. ಕೋಲ್ಮನ್ನರು ಯೌವನದಲ್ಲಿ ಓದಿದ ಸೂಕ್ಷ್ಮಜೀವಿಗಳು ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದವು. ಮೂರೂ ಪೋಷಕಾಂಶಗಳ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಸುಣ್ಣವನ್ನೂ ಪಡೆದ ತಾಕುಗಳು ಮಾತ್ರ ಒಳ್ಳೆಯ ಇಳುವರಿಯನ್ನು ಉಳಿಸಿಕೊಂಡವು. ರಾಸಾಯನಿಕ ಗೊಬ್ಬರವೇ ಬೇಡ ಎನ್ನುವವರಿಗೂ, ಅದೊಂದೇ ಸಾಕು ಎನ್ನುವವರಿಗೂ ಈ ತಾಕುಗಳು ಒಂದೇ ಉತ್ತರ ಕೊಡುತ್ತವೆ: ಕೊರತೆ ಯಾವುದೋ ಅದನ್ನು ತುಂಬಿರಿ.

2009ರಲ್ಲಿ ಕರ್ನಾಟಕ ಸರಕಾರ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯೊಡನೆ ‘ಭೂಚೇತನ’ ಯೋಜನೆಯನ್ನು ಆರಂಭಿಸಿತು. ಸಾವಿರಾರು ಮಣ್ಣಿನ ಮಾದರಿಗಳ ಪರೀಕ್ಷೆಯಿಂದ ಹೊಸ ಸಂಗತಿ ಬೆಳಕಿಗೆ ಬಂತು. ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತುವು, ಬೋರಾನ್‌ಗಳ ಕೊರತೆ ವ್ಯಾಪಕವಾಗಿತ್ತು. ಇವು ಯಾವುವೂ ಯೂರಿಯಾ ಮೂಟೆಯಲ್ಲಿಲ್ಲ. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸುಗಳನ್ನು ಅಳತೆಯಲ್ಲಿ ಕೊಟ್ಟ ಹೊಲಗಳಲ್ಲಿ ಇಳುವರಿ ಹೆಚ್ಚಿತು.

2015ರ ಫೆಬ್ರವರಿ 19ರಂದು ಕೇಂದ್ರ ಸರಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭಿಸಿತು. ಅದರಲ್ಲಿ 12 ಅಂಶಗಳ ಲೆಕ್ಕವಿದೆ. ಒಳ್ಳೆಯ ಕೆಲಸ. ಆದರೆ ಮೊದಲ ಸುತ್ತಿನಲ್ಲಿ ಮಾದರಿ ತೆಗೆದದ್ದು ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು. ಎರಡು ಎಕರೆಯ ಯಜಮಾನನ ಕೈಯಲ್ಲಿರುವ ಚೀಟಿ ಪಕ್ಕದವನ ಹೊಲದ ಮಣ್ಣಿನದೂ ಆಗಿರಬಹುದು. ಆದ್ದರಿಂದ ಮನೆಯಲ್ಲಿ ಚೀಟಿ ಇದೆ ಎಂದು ಸುಮ್ಮನಿರುವಂತಿಲ್ಲ.

ನಾವು ಮಾಡಬಹುದಾದದ್ದು

ಮಕ್ಕಳ ಬೇಸಗೆ ರಜೆಯಲ್ಲಿ ನಾವೆಲ್ಲ ಊರಿಗೆ ಹೋಗುವ ಏಪ್ರಿಲ್, ಮೇ ತಿಂಗಳುಗಳೇ ಮಣ್ಣು ತೆಗೆಯುವುದಕ್ಕೂ ಸರಿಯಾದ ಕಾಲ. ಹೊಲ ಬರಿದಾಗಿರುತ್ತದೆ, ಮಣ್ಣು ಒಣಗಿರುತ್ತದೆ. ಏಪ್ರಿಲಿನಲ್ಲಿಯೇ ಕೊಟ್ಟರೆ ಚೀಟಿ ಮುಂಗಾರಿಗೆ ಮೊದಲು ಕೈಸೇರುವ ಆಸೆಯಿದೆ. ಬದುವಿನ ಅಂಚು, ಮರದ ಬುಡ, ಗೊಬ್ಬರದ ಗುಂಡಿಯ ಪಕ್ಕ ಬಿಟ್ಟು, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ 10-15 ಕಡೆ ಮೇಲಿನ ಕಸ ಸರಿಸಿ, ನೇಗಿಲ ಸಾಲಿನಂತೆ 15 ಸೆಂಟಿಮೀಟರ್ ಆಳದ ಗುಂಡಿ ತೋಡಬೇಕು. ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದು ಹೋಳು ಮಣ್ಣು ಕೆರೆದು ತೆಗೆಯಬೇಕು. ತೋಟದ ಬೆಳೆಗಳಿಗೆ ಇನ್ನೂ ಆಳ ಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಸುಟು, ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಹಳೆಯ ಗೊಬ್ಬರದ ಚೀಲದಲ್ಲಿ ಮಾತ್ರ ಹಾಕಬಾರದು, ಪರೀಕ್ಷೆ ಚೀಲದ್ದಾದೀತು. ಕೆಂಪು ಹೊಲ, ಕಪ್ಪು ಹೊಲ ಎರಡಿದ್ದರೆ ಎರಡು ಬೇರೆ ಬೇರೆ ಮಾದರಿ. ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆಗಳನ್ನು ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟರೆ ದಾರಿ ತೋರಿಸುತ್ತಾರೆ. ಹೊಸೂರು, ತಾಳವಾಡಿ ಕಡೆಯ ನಮ್ಮ ಬಂಧುಗಳಿಗೆ ತಮಿಳುನಾಡಿನ ಕೃಷಿ ಇಲಾಖೆಯ ಪ್ರಯೋಗಾಲಯಗಳಿವೆ.

ಸುಣ್ಣ ಹಾಕಬೇಕೆಂದು ಬಂದರೆ ಅದನ್ನು ಯೂರಿಯಾದ ಜೊತೆಗಾಗಲಿ ಸಗಣಿ ಗೊಬ್ಬರದ ಜೊತೆಗಾಗಲಿ ಒಂದೇ ದಿನ ಹಾಕಬಾರದು. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಧ್ಯೆ ಕೆಲವು ವಾರಗಳ ಅಂತರ ಬೇಕು. ಇವೆಲ್ಲದರಿಂದ ಬಂದ ಚೀಟಿಯನ್ನು ಪೆಟ್ಟಿಗೆಯಲ್ಲಿಡದೆ, ಜಮೀನು ನೋಡಿಕೊಳ್ಳುವವರ ಜೊತೆ ಕೂತು ಓದಬೇಕು. ಮಣ್ಣಿನೊಡನೆ ದಿನವೂ ಇರುವವರು ಅವರು. ಚೀಟಿಯ ಅಂಕಿಗೆ ಅವರ ಅನುಭವ ಸೇರಿದರೆ ಮಾತ್ರ ಅರ್ಥ.

ದೂರದಲ್ಲಿರುವ ನಾವು ಊರಿನ ಜಮೀನಿಗೆ ಹಣ ಕಳುಹಿಸುವುದನ್ನು ಕರ್ತವ್ಯವೆಂದು ಭಾವಿಸಿದ್ದೇವೆ. ಹಣದ ಜೊತೆಗೆ ‘ಮಣ್ಣನ್ನು ಕೇಳಿದಿರಾ?’ ಎಂಬ ಒಂದು ಪ್ರಶ್ನೆಯನ್ನೂ ಕಳುಹಿಸಿದರೆ, ನೂರು ವರ್ಷಕ್ಕೂ ಹಿಂದೆ ಹೆಬ್ಬಾಳದಲ್ಲಿ ಆರಂಭವಾದ ಕೆಲಸ ನಮ್ಮ ನಮ್ಮ ಹೊಲಗಳವರೆಗೆ ಬಂದು ಮುಟ್ಟುತ್ತದೆ. ಬರುವ ಬೇಸಗೆಯಲ್ಲಿ ಸಂಘದ ಹತ್ತು ಮನೆಗಳವರಾದರೂ ಮಕ್ಕಳ ಕೈಯಲ್ಲಿಯೇ ಈ ಮಣ್ಣು ತೆಗೆಸಿದರೆ, ತಮ್ಮ ಊರಿನ ಭೂಮಿ ಎಂಥದೆಂಬುದು ಆ ಮಕ್ಕಳಿಗೂ ತಿಳಿಯುತ್ತದೆ. ಈ ಲೇಖನವೂ ಸಾರ್ಥಕವಾಗುತ್ತದೆ.